ಇಂಜಿನ್ ಇಳಿಸುವ ಮೊದಲು ಇದನ್ನು ಓದು

ಶಾರ್ಜಾ, ಮೇ 14

ಅಣ್ಣಾ,

ನೀನು ಕಳಿಸಿದ ನಮ್ಮ ಪಿಕಪ್ಪಿನ ವಿಡಿಯೋ ಮೂರು ಸಲ ನೋಡಿದೆ. ಗಾಡಿ ಸ್ಟಾರ್ಟ್‌ನಲ್ಲಿಟ್ಟು ಆಯಿಲ್ ಮುಚ್ಚಳ ತೆಗೆದಾಗ ನಮ್ಮ ಬಚ್ಚಲೊಲೆ ಹಾಗೆ ಪುಸು ಪುಸು ಹೊಗೆ ಬರುತ್ತಿದೆಯಲ್ಲ, ಅದು ಬ್ಯಾಕ್ ಕಂಪ್ರೆಷನ್ನೇ, ಅಂದರೆ ಸಿಲಿಂಡರಿನೊಳಗಿನ ಒತ್ತಡ ಪಿಸ್ಟನ್ ದಾಟಿ ಕೆಳಗೆ ಆಯಿಲ್ ಕಡೆಗೆ ನುಗ್ಗುತ್ತಿದೆ. ದೇವಿಮನೆ ಘಟ್ಟದಲ್ಲಿ ನೀಲಿ ಹೊಗೆ, ವಾರಕ್ಕೊಮ್ಮೆ ಆಯಿಲ್ ಟಾಪಪ್ ಅಂತ ಬೇರೆ ಬರೆದಿದ್ದೀಯ. ಇಂಜಿನ್ ಕೆಲಸಕ್ಕೆ ಬಂದಿದೆ, ಅನುಮಾನ ಬೇಡ.

ಆದರೆ ನೀನು ಹಾಕಿಸಬೇಕು ಅಂದುಕೊಂಡಿರುವ ಆ ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಇಂಜಿನ್ ಬೇಡ. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜಪಾನಿನಿಂದ ಬಂದ ಹಳೇ ಇಂಜಿನ್‌ಗಳನ್ನು ತೆಂಗಿನಕಾಯಿ ರಾಶಿ ಹಾಕಿದ ಹಾಗೆ ಹಾಕಿರುತ್ತಾರೆ. ತೊಳೆದು ಬಣ್ಣ ಹೊಡೆದರೆ ಎಲ್ಲವೂ ಹೊಸದೇ! ನಮ್ಮ ಗ್ಯಾರೇಜಿನಲ್ಲೇ ಅಂಥದ್ದೊಂದು ಕೂರಿಸಿದೆವು, ಎರಡನೇ ತಿಂಗಳಿಗೆ ಅದೇ ನೀಲಿ ಹೊಗೆ, ಬೈಸಿಕೊಂಡದ್ದು ನಾನು. ಮೇಲಾಗಿ ಇಂಜಿನ್ ಬದಲಾದರೆ ಆರ್‌ಸಿಯಲ್ಲಿ ನಂಬರ್ ಬದಲಾಗಬೇಕು, ಇನ್ಶೂರೆನ್ಸ್‌ನಲ್ಲೂ. ಕದ್ದ ಗಾಡಿಯದ್ದಾದರೆ ಮುಗಿಯಿತು, ಆರ್‌ಟಿಓ, ಪೊಲೀಸ್ ಸ್ಟೇಷನ್ ಅಂತ ಅಲೆಯಬೇಕು ನೀನು.

ಆ ಹುಬ್ಬಳ್ಳಿಯವನು ಎರಡು ದಿನದಲ್ಲಿ ಕೂರಿಸಿ ಕೊಡುತ್ತೇನೆ ಅಂದನಂತೆ. ನಿನಗೇನು ಅವಸರ? ಜೂನ್ 1ಕ್ಕೆ ಮೀನಿನ ಬೋಟು ನಿಲ್ಲುತ್ತವೆ, ಜುಲೈ 31ರ ತನಕ ತದಡಿ ಬಂದರಿನಲ್ಲಿ ಮೀನಿನ ಲೋಡೇ ಇಲ್ಲ. ಇರುವ ಇಂಜಿನ್ನನ್ನೇ ಸರಿಯಾಗಿ ಮಾಡಿಸೋಣ.

ಬಿಚ್ಚುವ ಮೊದಲು ಒಂದು ಕೆಲಸ ಮಾಡಿಸು. ಒಂದೊಂದೇ ಸಿಲಿಂಡರ್‌ಗೆ, ಅದರ ಎರಡೂ ವಾಲ್ವ್ ಮುಚ್ಚಿರುವಾಗ, ಕಂಪ್ರೆಸರ್ ಗಾಳಿ ಬಿಟ್ಟು ಕಿವಿ ಕೊಟ್ಟು ಕೇಳಲಿ. ಆಯಿಲ್ ಮುಚ್ಚಳದ ಹತ್ತಿರ ಜಾಸ್ತಿ ಸುಯ್ ಅಂದರೆ ಪಿಸ್ಟನ್ ಸುತ್ತಿನ ರಿಂಗ್, ಸೈಲೆನ್ಸರ್ ಪೈಪಿನಲ್ಲಿ ಕೇಳಿದರೆ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಬಿಚ್ಚಿದ ಮೇಲೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆಯ, ಅಳತೆ ತೆಗೆಸದೆ ಸುಮ್ನೆ ಹೊಸ ರಿಂಗ್ ಹಾಕಲು ಬಿಡಬೇಡ. ಬೋರ್ ಸವೆದು ಮೊಟ್ಟೆಯಾಕಾರ ಆಗಿದ್ದರೆ ದುಂಡನೆಯ ರಿಂಗ್ ಏನು ಮಾಡೀತು? ಲೇತ್‌ನವನು ಹೇಳಿದ ಹಾಗೆ ಬೋರ್ ಕೊರೆಸಿ ದುಂಡಗೆ ಮಾಡಿಸು ಅಥವಾ ಒಳಗೆ ಹೊಸ ಲೈನರ್ ಕೊಳವೆ ಹಾಕಿಸು. ಪಿಸ್ಟನ್‌ಗಳು ತಿರುಗಿಸುವ ದಂಡ, ಕ್ರ್ಯಾಂಕ್, ಅದನ್ನು 0.25 ಮಿಲಿಮೀಟರ್ ಗ್ರೈಂಡ್ ಮಾಡಿದರೆ ಬೇರಿಂಗೂ ಅದೇ ಸೈಜಿನದು ಬರಬೇಕು, ಪೆಟ್ಟಿಗೆ ಮೇಲೆ ಬರೆದದ್ದನ್ನು ನೀನೇ ಓದು.

ಈಗ ಇನ್ನೊಂದು ವಿಷಯ, ಇದಕ್ಕೇ ಈ ಉದ್ದ ಪತ್ರ.

ಹೋದ ವಾರ ಮರುಭೂಮಿಯಲ್ಲಿ ಓಡುವ ಒಂದು ಹೈಲಕ್ಸ್ ಪಿಕಪ್ ಗ್ಯಾರೇಜಿಗೆ ಬಂತು. ಪಿಸ್ಟನ್ ತೆಗೆದರೆ ಬೋರ್ ಗೋಡೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಹೊಳೆಯಬಾರದು ಅಣ್ಣಾ, ಸಣ್ಣ ಸಣ್ಣ ಅಡ್ಡಗೀರು ಇರಬೇಕು, ಆಯಿಲ್ ನಿಲ್ಲುವುದೇ ಅದರಲ್ಲಿ. ಏರ್ ಫಿಲ್ಟರ್ ನೋಡಿದರೆ ಹೊಸದು! ಆಮೇಲೆ ಗೊತ್ತಾಯಿತು, ಫಿಲ್ಟರ್ ಆದಮೇಲಿನ ರಬ್ಬರ್ ಹೋಸ್ ಅಡಿಯಲ್ಲಿ ಸೀಳಿತ್ತು. ಒಳಗೆ ಬೆರಳಾಡಿಸಿದರೆ ಮೈದಾ ಹಿಟ್ಟಿನಂಥ ಧೂಳು.

ನನಗೆ ಅಲ್ಲೇ ಧಸಕ್ ಅಂತು. ಇಲ್ಲಿಗೆ ಬರುವ ಮುಂಚಿನ ಬೇಸಿಗೆ ನಾನು ಚಿರೇಕಲ್ಲು ಲೋಡ್ ಹೊಡೆಯುತ್ತಿದ್ದೆನಲ್ಲ, ಆಗ ನಮ್ಮ ಪಿಕಪ್ಪಿನದೂ ಹೀಗೇ ಸೀಳಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿದೆ. ನಾಳೆ ಹೊಸದು ಹಾಕಿಸೋಣ ಅಂದುಕೊಂಡೆ, ಅಷ್ಟರಲ್ಲಿ ವೀಸಾ ಬಂತು, ನಿನಗೆ ಹೇಳಲೇ ಇಲ್ಲ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಆದಮೇಲಿನ ಹೋಸ್ ಸೀಳಿದ್ದರೆ ಗಾಳಿ ಹೊರಗೆ ಹೋಗಿ ಗಾಡಿ ಎಳೆಯುತ್ತಿರಲಿಲ್ಲ, ನಿನಗೂ ಗೊತ್ತಾಗುತ್ತಿತ್ತು. ಇದು ಟರ್ಬೋ ಮುಂಚಿನದು, ಸದ್ದಿಲ್ಲದೆ ಧೂಳು ಎಳೆದುಕೊಳ್ಳುತ್ತದೆ. ನಾಳೆ ಬೆಳಿಗ್ಗೆ ಬಾನೆಟ್ ಎತ್ತಿ ಆ ಟ್ಯೂಬ್ ಇದೆಯಾ ನೋಡು. ಇದ್ದರೆ ಫೋಟೋ ಕಳಿಸು, ಆಮೇಲೆ ಬೈಯು. ಹೋಸ್ ಬದಲಿಸದೆ ಲಕ್ಷ ಸುರಿದರೂ ಹೊಸ ಇಂಜಿನ್ ಇದೇ ದಾರಿ ಹಿಡಿಯುತ್ತದೆ. ಟರ್ಬೋ ಚಕ್ರದ ರೆಕ್ಕೆ ಸವೆದಿದೆಯಾ, ಅಲುಗಾಡುತ್ತದೆಯಾ ಅದನ್ನೂ ನೋಡಿಸು.

ಜೋಡಿಸಿದ ಮೇಲೆ ಒಮ್ಮೆಲೇ ಸ್ಟಾರ್ಟ್ ಮಾಡಬಾರದು. ಡೀಸೆಲ್ ಬಂದ್ ಇಟ್ಟು, ಆಯಿಲ್ ಲೈಟ್ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಲಿ. 500 ಕಿಲೋಮೀಟರ್‌ಗೆ ಆಯಿಲ್, ಫಿಲ್ಟರ್ ಬದಲಿಸು. ಮೊದಲ ಸಾವಿರ ಕಿಲೋಮೀಟರ್ ಬಂಗಡೆ ತುಂಬಿಕೊಂಡು ಘಟ್ಟ ಹತ್ತಬೇಡ, ಅಂಕೋಲೆ, ಹೊನ್ನಾವರ ಅಂತ ಬಯಲಲ್ಲೇ ಓಡಿಸು. ರೇಡಿಯೇಟರ್‌ಗೆ ನಮ್ಮ ಉಪ್ಪು ಬಾವಿ ನೀರು ಹಾಕಿದರೆ ನಾನು ವಿಮಾನ ಹತ್ತಿ ಬಂದುಬಿಡುತ್ತೇನೆ ನೋಡು. ಕೂಲಂಟ್ ದುಬಾರಿ ಏನಲ್ಲ.

ಪಿಸ್ಟನ್ ಸೆಟ್ ಮತ್ತು ಲೇತ್ ಕೆಲಸದ ದುಡ್ಡು ನನ್ನದು. ಬೇಡ ಅನ್ನಬೇಡ, ಕಾರಣ ಈಗ ಗೊತ್ತಾಯಿತಲ್ಲ. ಅಮ್ಮನಿಗೆ ಸೈಕಲ್ ಟ್ಯೂಬಿನ ಕತೆ ಮಾತ್ರ ಹೇಳಬೇಡ, ಅಪ್ಪ ತೆಗೆಸಿದ ಗಾಡಿ ಅದು. ಅತ್ತಿಗೆಗೆ ಹೇಳಿದರೂ ಅಮ್ಮನಿಗೆ ಹೇಳಿದ ಹಾಗೇ. ಬೋರ್ ಅಳತೆ ಬಂದ ದಿನ ರಾತ್ರಿ ಫೋನ್ ಮಾಡು.

ನಿನ್ನ ತಮ್ಮ