ಮಗಳಿಗೊಂದು ಪತ್ರ: ಡ್ರಾಯಿಂಗ್ ಮೇಜಿನಿಂದ ಪಂಪ್‌ಹೌಸಿಗೆ

ಪ್ರೀತಿಯ ಮಗಳೇ,

ನಿನ್ನ ಕಾಗದ ಓದಿದೆ. ಡಿಸೈನ್ ವಿಭಾಗದ ಮೇಜಿನಿಂದ ಎಬ್ಬಿಸಿ ಪಂಪ್‌ಹೌಸಿನ ಮೇಂಟೆನೆನ್ಸಿಗೆ ಹಾಕಿದ್ದಾರೆ, ಒಂದು ವಾರದಿಂದ ಎಲ್ಲರ ಹಿಂದೆ ಸುತ್ತುವುದೇ ಆಗಿದೆ, ಏನೂ ತಲೆಗೆ ಹೋಗುತ್ತಿಲ್ಲ ಅಂತ ಬರೆದಿದ್ದೀಯ. ಪಂಪಿನ ಲೆಕ್ಕ ನಿನಗೆ ಚೆನ್ನಾಗಿಯೇ ಬರುತ್ತದೆ. ಈಗ ಬೇಕಿರುವುದು ಆ ನಾಲ್ಕು ಪಂಪುಗಳು ಸರಿಯಾಗಿದ್ದಾಗ ಹೇಗಿರುತ್ತವೆ ಅನ್ನುವ ಪರಿಚಯ. ಅದು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ. ಕೆಟ್ಟ ಮೇಲೆ ಅಳೆಯಲು ಹೋದರೆ ಹೋಲಿಸಿ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಮೊದಲ ತಿಂಗಳು ರಿಪೇರಿ ಮಾಡುವ ಉತ್ಸಾಹ ಸ್ವಲ್ಪ ತಡೆದುಕೋ. ನೋಡು, ಅಳೆ, ಬರೆದಿಡು.

ಲೈನ್ ಟ್ರೇಸಿಂಗ್‌ನಿಂದ ಶುರು ಮಾಡು. ಪಿ ಆಂಡ್ ಐಡಿಯ (ಪೈಪು, ವಾಲ್ವು, ಗೇಜುಗಳನ್ನೆಲ್ಲ ತೋರಿಸುವ ನಕ್ಷೆ) ಎ3 ಪ್ರತಿ, ಹಳದಿ ಹೈಲೈಟರ್, ಕೆಂಪು ಪೆನ್ನು, ಟಾರ್ಚು ಇಷ್ಟು ಸಾಕು. ದಿನಕ್ಕೆ ಒಂದೇ ಲೈನು. ಸಂಪಿನ ಬಾಯಿಂದ ಹೊರಟು ಹೆಡರ್ (ಎಲ್ಲ ಪಂಪುಗಳ ನೀರು ಸೇರುವ ದೊಡ್ಡ ಪೈಪು) ಮುಟ್ಟುವವರೆಗೆ ಪೈಪಿನ ಜೊತೆ ನಡೆ. ಕಣ್ಣಿಗೆ ಕಂಡದ್ದಕ್ಕೆ ಹಳದಿ, ಕಾಗದಕ್ಕೂ ನೆಲಕ್ಕೂ ತಾಳೆಯಾಗದ್ದಕ್ಕೆ ಕೆಂಪು. ಕಾಗದದಲ್ಲಿಲ್ಲದ ಬೈಪಾಸ್, ಕಾಗದದಲ್ಲಿದ್ದೂ ಸ್ಥಳದಲ್ಲಿಲ್ಲದ ಡ್ರೈನ್, ಹಿಡಿ ಕಳಚಿಹೋದ ವಾಲ್ವ್, ಎಲ್ಲವೂ ಸಿಗುತ್ತವೆ. ಎರಡನ್ನು ಮಾತ್ರ ಮರೆಯದೆ ನೋಡು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್‌ರಿಟರ್ನ್ ವಾಲ್ವಿನ ಮೈಮೇಲಿನ ಬಾಣದ ಗುರುತು ಮೊದಲನೆಯದು. ಎರಡನೆಯದು ಸಕ್ಷನ್ನಿನಲ್ಲಿ, ಅಂದರೆ ಪಂಪು ನೀರೆಳೆಯುವ ಕಡೆ, ಇರುವ ಎಕ್ಸೆಂಟ್ರಿಕ್ ರೆಡ್ಯೂಸರ್ (ಒಂದು ಬದಿ ಮಾತ್ರ ಚಪ್ಪಟೆಯಿದ್ದು ಪೈಪನ್ನು ಕಿರಿದಾಗಿಸುವ ತುಂಡು). ಪಂಪು ಕೆಳಗಿನ ಮಟ್ಟದಿಂದ ನೀರೆತ್ತುತ್ತಿದ್ದರೆ ಅದರ ಚಪ್ಪಟೆ ಬದಿ ಮೇಲಿರಬೇಕು. ತಲೆಕೆಳಗಾಗಿ ಕೂರಿಸಿದ್ದರೆ ಅಲ್ಲಿ ಗಾಳಿ ಸೇರಿಕೊಂಡು ಪಂಪು ಆಗಾಗ ಉಸಿರು ಕಟ್ಟಿದಂತೆ ಆಡುತ್ತದೆ, ಬೈಗುಳ ಮಾತ್ರ ಒಳಗೆ ತಿರುಗುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ ಬೀಳುತ್ತದೆ.

ಯಾವುದಕ್ಕಾದರೂ ಕೈ ಹಾಕುವ ಮೊದಲು ಐಸೋಲೇಷನ್, ಅಂದರೆ ಕರೆಂಟ್ ಬರದಂತೆ ಬೇರ್ಪಡಿಸುವುದು. ಬ್ರೇಕರ್ ಆಫ್ ಮಾಡಿ, ನಿನ್ನದೇ ಬೀಗ ಹಾಕಿ, ಕೀಲಿ ನಿನ್ನ ಜೇಬಿನಲ್ಲಿರಲಿ. ಆಮೇಲೆ ಟೆಸ್ಟರನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ ಇಟ್ಟು ನೋಡು, ನಂತರ ನೀನು ಕೆಲಸ ಮಾಡುವ ಟರ್ಮಿನಲ್‌ನಲ್ಲಿ, ಮತ್ತೆ ಕರೆಂಟ್ ಇರುವ ಜಾಗದಲ್ಲಿ. ಮೂರನೇ ಸಲದ್ದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಡುವೆ ಟೆಸ್ಟರೇ ಕೆಟ್ಟಿದ್ದರೆ ಅದು ಸೊನ್ನೆ ತೋರಿಸಿದ್ದಕ್ಕೆ ಏನರ್ಥ? ಇನ್ನೊಂದು ಮಾತು, ಮೋಟರಿನೊಳಗೆ ತೇವ ಹಿಡಿಯದಂತೆ ಇಟ್ಟಿರುವ ಸ್ಪೇಸ್ ಹೀಟರಿಗೆ ಸಾಮಾನ್ಯವಾಗಿ ಬೇರೆ ಕಡೆಯಿಂದ ಸಪ್ಲೈ ಬಂದಿರುತ್ತದೆ. ಮೋಟರ್ ನಿಂತಾಗಲೇ ಅದು ಆನ್ ಆಗುವುದು. ಮುಖ್ಯ ಬ್ರೇಕರಿಗೆ ಬೀಗ ಹಾಕಿ ಟರ್ಮಿನಲ್ ಬಾಕ್ಸ್ ತೆರೆದರೂ ಆ ಎರಡು ತಂತಿಗಳಲ್ಲಿ ಜೀವ ಇರುತ್ತದೆ. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಇದ್ದರೆ ಒಳಗಿನ ಕೆಪಾಸಿಟರ್ ಖಾಲಿಯಾಗುವವರೆಗೆ ಕಾಯಬೇಕು. ಎಷ್ಟು ನಿಮಿಷ ಅನ್ನುವುದು ಅದರ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ಕಾದ ಮೇಲೂ ಡಿಸಿ ಬಸ್ಸನ್ನು (ಆ ಕೆಪಾಸಿಟರ್ ಕೂತಿರುವ ಲೈನು) ಮೀಟರಿನಲ್ಲಿ ನೋಡಿಯೇ ಮುಟ್ಟು.

ಈಗ ಪುಸ್ತಕದ ವಿಷಯ. ಪ್ರತಿ ಪಂಪಿಗೂ ಒಂದು ಪುಟ: ಮೂರು ಫೇಸಿನ ಆಂಪಿಯರ್, ಸಕ್ಷನ್ ಮತ್ತು ಡಿಸ್ಚಾರ್ಜ್ (ನೀರು ಹೊರಡುವ ಕಡೆ) ಒತ್ತಡ, ನಾಲ್ಕೂ ಬೇರಿಂಗುಗಳ ಉಷ್ಣಾಂಶ, ಅಡ್ಡ, ಲಂಬ ಮತ್ತು ಅಕ್ಷೀಯ (ಶಾಫ್ಟಿನ ಉದ್ದಕ್ಕೆ) ದಿಕ್ಕಿನ ವೈಬ್ರೇಷನ್. ಅಳೆಯುವ ಜಾಗಕ್ಕೆ ಪೇಂಟಿನಿಂದ ಚುಕ್ಕೆ ಇಡು. ಒಂದು ಅಂಗುಲ ಆಚೀಚೆ ಇಟ್ಟರೂ ರೀಡಿಂಗ್ ಬೇರೆಯಾಗುತ್ತದೆ, ಆಗ ಬದಲಾದದ್ದು ಯಂತ್ರವೋ ನಿನ್ನ ಕೈಯೋ ಗೊತ್ತಾಗುವುದಿಲ್ಲ. ವೈಬ್ರೇಷನ್ ಮಿತಿ ಹೇಳುವ ಐಎಸ್‌ಒ 10816-3ರ (2022ರಿಂದ ಅದರ ಜಾಗದಲ್ಲಿ ಐಎಸ್‌ಒ 20816-3 ಇದೆ) ಪಟ್ಟಿ ನಿನಗೆ ಗೊತ್ತಿದೆ. ಗಟ್ಟಿ ಅಡಿಪಾಯದ ಮೇಲಿರುವ 15ರಿಂದ 300 ಕಿಲೋವ್ಯಾಟ್ ಮೋಟರಿಗೆ ಸೆಕೆಂಡಿಗೆ 1.4 ಮಿ.ಮೀ.ವರೆಗೆ ಹೊಸದರಂತೆ, 2.8ರವರೆಗೆ ನಿಶ್ಚಿಂತೆಯಿಂದ ಓಡಿಸಬಹುದು, 4.5 ದಾಟಿದರೆ ಅಪಾಯ. ಎಲ್ಲರೂ ಇಷ್ಟನ್ನು ಬಾಯಿಪಾಠ ಮಾಡಿಕೊಂಡು ನಿಲ್ಲಿಸುತ್ತಾರೆ. ಅದೇ ಮಾನದಂಡದಲ್ಲಿ ಎರಡನೇ ನಿಯಮವೊಂದಿದೆ. ರೀಡಿಂಗಿನಲ್ಲಾದ ಬದಲಾವಣೆ 2.8ರ ಕಾಲುಭಾಗವನ್ನು, ಅಂದರೆ 0.7ನ್ನು ಮೀರಿದರೆ ಒಟ್ಟು ಅಂಕಿ ಎಷ್ಟೇ ಇರಲಿ, ಕಾರಣ ಹುಡುಕಬೇಕು. ಬಹುಕಾಲ 1.2 ಇದ್ದದ್ದು ಇಂದು 2.1 ಆದರೆ ಪಟ್ಟಿಯ ಪ್ರಕಾರ ಇನ್ನೂ ಸುರಕ್ಷಿತ, ಆದರೆ ಒಳಗೆ ಏನೋ ಆಗಿದೆ. ಹಳೆಯ 1.2 ನಿನ್ನ ಪುಸ್ತಕದಲ್ಲಿಲ್ಲದಿದ್ದರೆ 2.1 ನೋಡಿ ಸಮಾಧಾನಪಟ್ಟುಕೊಂಡು ಮುಂದೆ ಹೋಗಿಬಿಡುತ್ತೀಯ.

ಗೇಜುಗಳನ್ನು ಪೂರ್ತಿ ನಂಬಬೇಡ. ಪಂಪಿನ ಮಧ್ಯರೇಖೆಗಿಂತ 1.5 ಮೀಟರ್ ಕೆಳಗೆ ಸ್ಟ್ಯಾಂಡಿನಲ್ಲಿ ಕೂರಿಸಿದ ನೀರಿನ ಗೇಜು ಸುಮಾರು 0.15 ಬಾರ್ ಹೆಚ್ಚು ತೋರಿಸುತ್ತದೆ. ಡಿಸ್ಚಾರ್ಜಿನಲ್ಲಿ ಅದು ಲೆಕ್ಕಕ್ಕಿಲ್ಲ, ಸಕ್ಷನ್ನಿನಲ್ಲಿ ಅದೇ ದೊಡ್ಡದು.

ಸೆಂಟ್ರಿಫ್ಯೂಗಲ್ ಪಂಪನ್ನು ಡಿಸ್ಚಾರ್ಜ್ ವಾಲ್ವ್ ಮುಚ್ಚಿ ಶುರು ಮಾಡುವುದು ನಿನಗೆ ಗೊತ್ತು. ಮೋಟರ್ ಪೂರ್ತಿ ವೇಗಕ್ಕೆ ಬಂದ ತಕ್ಷಣ ನಿಧಾನವಾಗಿ ತೆರೆಯಬೇಕು. ಮುಚ್ಚಿಟ್ಟೇ ಓಡಿಸಿದರೆ ಒಳಗಿನ ನೀರು ಕಾದು ಸೀಲು ಸುಡುತ್ತದೆ. ನೀರನ್ನು ಫ್ಯಾನಿನಂತೆ ಶಾಫ್ಟಿನ ಉದ್ದಕ್ಕೇ ತಳ್ಳುವ ಆಕ್ಸಿಯಲ್ ಫ್ಲೋ ಪಂಪಿಗೆ ಇದು ಉಲ್ಟಾ: ವಾಲ್ವ್ ಮುಚ್ಚಿದ್ದಾಗಲೇ ಅದು ಅತಿ ಹೆಚ್ಚು ಪವರ್ ಎಳೆಯುತ್ತದೆ. ಅಭ್ಯಾಸಬಲದಿಂದ ಮುಚ್ಚಿ ಶುರು ಮಾಡಿದರೆ ಓವರ್‌ಲೋಡ್ ರಿಲೇ ಬೀಳುತ್ತದೆ. ಬಟನ್ ಒತ್ತುವ ಮೊದಲು ಶಾಫ್ಟ್ ಕಡೆ ಒಮ್ಮೆ ಕಣ್ಣು ಹಾಯಿಸು. ಪಕ್ಕದ ಪಂಪು ಓಡುತ್ತಿದ್ದು, ಈ ಪಂಪಿನ ನಾನ್‌ರಿಟರ್ನ್ ವಾಲ್ವ್ ಸೋರುತ್ತಿದ್ದರೆ ಶಾಫ್ಟ್ ಹಿಂದಕ್ಕೆ ತಿರುಗುತ್ತಿರುತ್ತದೆ. ಆ ಹೊತ್ತಿನಲ್ಲಿ ಸ್ಟಾರ್ಟ್ ಕೊಟ್ಟರೆ ಕಪ್ಲಿಂಗೋ (ಮೋಟರ್ ಮತ್ತು ಪಂಪಿನ ಶಾಫ್ಟುಗಳನ್ನು ಜೋಡಿಸುವ ಭಾಗ) ಶಾಫ್ಟೋ ಮುರಿಯಬಹುದು. ಟ್ರಿಪ್ ಆಯಿತೆಂದು ಮತ್ತೆ ಮತ್ತೆ ಬಟನ್ ಒತ್ತುವ ಚಾಳಿ ಯಾರಿಗಾದರೂ ಇದ್ದರೆ ಅದನ್ನು ಬಿಡಿಸು. ಸಾಮಾನ್ಯವಾಗಿ ತಯಾರಕರು ತಣ್ಣಗಿರುವ ಮೋಟರಿಗೆ ಒಂದರ ಹಿಂದೊಂದು 2 ಸ್ಟಾರ್ಟ್, ಬಿಸಿ ಇರುವುದಕ್ಕೆ 1 ಅಂತ ಮಿತಿ ಹಾಕಿರುತ್ತಾರೆ.

ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬಂದರೆ ಡಿಸ್ಚಾರ್ಜ್ ವಾಲ್ವನ್ನು ಸ್ವಲ್ಪ ಮುಚ್ಚಿ ಕೇಳು. ಸದ್ದು ಇಳಿದರೆ ಬಹುತೇಕ ಕ್ಯಾವಿಟೇಷನ್ (ಒತ್ತಡ ಕುಸಿದು ನೀರಿನಲ್ಲಿ ಆವಿಗುಳ್ಳೆ ಎದ್ದು ಒಡೆಯುವುದು), ಸಕ್ಷನ್ ಸ್ಟ್ರೈನರ್ ಕಸ ಹಿಡಿದಿದೆಯೇ, ಸಂಪಿನ ಮಟ್ಟ ಇಳಿದಿದೆಯೇ ನೋಡು. ಇಳಿಯದಿದ್ದರೆ ಬೇರಿಂಗಿನ ಕಡೆ ಹೋಗು. ಸಕ್ಷನ್ ವಾಲ್ವನ್ನು ಮಾತ್ರ ಎಂದೂ ತಿರುವಬೇಡ, ಅದು ಪೂರ್ತಿ ತೆರೆದೇ ಇರಬೇಕು.

ಗ್ಲಾಂಡಿನಿಂದ (ಶಾಫ್ಟ್ ಹೊರಬರುವಲ್ಲಿ ಪ್ಯಾಕಿಂಗ್ ಒತ್ತಿ ಹಿಡಿಯುವ ಭಾಗ) ನೀರು ತೊಟ್ಟಿಕ್ಕುವುದು ನೋಡಿ ಗಾಬರಿಯಾಯಿತು ಅಂದಿದ್ದೀಯ. ಹಗ್ಗದ ಪ್ಯಾಕಿಂಗ್ ಇರುವ ಪಂಪಿನಲ್ಲಿ ಆ ನೀರೇ ಪ್ಯಾಕಿಂಗನ್ನು ತಣ್ಣಗಿಡುವುದು. ನಿಮಿಷಕ್ಕೆ 40ರಿಂದ 60 ಹನಿ ಬೀಳುತ್ತಿರಲಿ. ನೆಲ ಒದ್ದೆಯಾಯಿತೆಂದು ಪೂರ್ತಿ ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿಗೆ ತೊಡಿಸಿದ ಸ್ಲೀವಿನ ಮೇಲೆ ಗೀರು ಬೀಳುತ್ತದೆ. ಆಮೇಲೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ. ಬಿಗಿಯಬೇಕಾದರೆ ಎರಡೂ ನಟ್ಟುಗಳನ್ನು ಸಮವಾಗಿ ಒಂದು ಮಗ್ಗುಲಷ್ಟೇ, ಅಂದರೆ ಸುತ್ತಿನ ಆರನೇ ಒಂದು ಭಾಗ ತಿರುಗಿಸಿ, ಹತ್ತು ನಿಮಿಷ ಕಾದು ನೋಡು. ಮೆಕ್ಯಾನಿಕಲ್ ಸೀಲಿನ ಪಂಪು ಹೀಗೆ ಹನಿಸುತ್ತಿದ್ದರೆ ಸುಮ್ಮನಿರಬೇಡ, ಅಲ್ಲಿ ಅದು ಸೀಲು ಹೋಗಿರುವ ಸೂಚನೆ.

ಗ್ರೀಸಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಇಲ್ಲಿ ಅಸಡ್ಡೆಯಷ್ಟೇ ಹಾನಿಯನ್ನು ಅತಿ ಅಕ್ಕರೆಯೂ ಮಾಡುತ್ತದೆ. ‘ಹೊಸದು ಹೊರಗೆ ಬರುವವರೆಗೆ ಹೊಡೆ’ ಅನ್ನುವ ಮಾತು ನಿನ್ನ ಕಿವಿಗೆ ಬಿದ್ದೇ ಬೀಳುತ್ತದೆ. ಪ್ರಮಾಣಕ್ಕೆ ಸರಳ ಲೆಕ್ಕವಿದೆ: ಬೇರಿಂಗಿನ ಹೊರವ್ಯಾಸ ಮತ್ತು ಅಗಲವನ್ನು ಮಿ.ಮೀ.ನಲ್ಲಿ ಗುಣಿಸಿ, ಅದನ್ನು 0.005ರಿಂದ ಗುಣಿಸಿದರೆ ಗ್ರಾಂ ಬರುತ್ತದೆ. 6312 ಬೇರಿಂಗಿನ ಹೊರವ್ಯಾಸ 130, ಅಗಲ 31. ಅಂದರೆ ಸುಮಾರು 20 ಗ್ರಾಂ. ನಿನ್ನ ಗ್ರೀಸ್ ಗನ್ನು ಒಂದು ಹೊಡೆತಕ್ಕೆ ಎಷ್ಟು ಕೊಡುತ್ತದೆ ಅನ್ನುವುದನ್ನು ನೀನೇ ತೂಗಿ ನೋಡಬೇಕು. ಹತ್ತು ಹೊಡೆತವನ್ನು ಒಂದು ಕಾಗದದ ಮೇಲೆ ಹಾಕಿ ತಕ್ಕಡಿಗಿಡು. 12 ಗ್ರಾಂ ಬಂದರೆ ಹೊಡೆತಕ್ಕೆ 1.2, ಆ ಬೇರಿಂಗಿಗೆ 17 ಹೊಡೆತ. ಆ ಸಂಖ್ಯೆಯನ್ನು ಮೋಟರಿನ ಮೇಲೆ ಪೇಂಟಿನಲ್ಲಿ ಬರೆಸು. ಗ್ರೀಸ್ ಹಾಕುವಾಗ ಕೆಳಗಿನ ಪ್ಲಗ್ ತೆಗೆದಿರಬೇಕು. ಹಾಕಿದ ಮೇಲೆ ಉಷ್ಣಾಂಶ ತುಸು ಏರಿ ಕೆಲವು ಗಂಟೆಗಳಲ್ಲಿ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಇಳಿಯಲಿಲ್ಲವೆಂದರೆ ತುಂಬಿದ್ದು ಹೆಚ್ಚಾಗಿದೆ, ಗುಂಡುಗಳು ಗ್ರೀಸನ್ನೇ ಕಡೆಯುತ್ತಾ ಬಿಸಿಯಾಗುತ್ತಿವೆ. ಬೇರಿಂಗ್ ನಂಬರಿನ ಕೊನೆಗೆ ಎರಡು ಝೆಡ್ ಇದ್ದರೆ ಅದಕ್ಕೆ ಎರಡೂ ಕಡೆ ಮುಚ್ಚಳವಿದೆ, ಹೊರಗೆ ನಿಪ್ಪಲ್ ಇದ್ದರೂ ಹೊಡೆದದ್ದು ಒಳಗೆ ಹೋಗುವುದಿಲ್ಲ. ಬಣ್ಣ ಒಂದೇ ಎಂದು ಬೇರೆ ಡಬ್ಬಿಯದನ್ನು ಬೆರೆಸಲು ಬಿಡಬೇಡ. ಲಿಥಿಯಂ ಗ್ರೀಸಿಗೆ ಪಾಲಿಯೂರಿಯಾ ಬೆರೆತರೆ ಸಾಮಾನ್ಯವಾಗಿ ತೆಳುವಾಗಿ ಸೋರಿಹೋಗುತ್ತದೆ. ಸ್ಟ್ಯಾಂಡ್‌ಬೈ ಪಂಪಿನ ಶಾಫ್ಟನ್ನು ವಾರಕ್ಕೊಮ್ಮೆ ಕೈಯಿಂದ ಒಂದೂಕಾಲು ಸುತ್ತು ತಿರುಗಿಸಿಡಿಸು. ಪೂರ್ತಿ ಒಂದೇ ಸುತ್ತಾದರೆ ಶಾಫ್ಟ್ ಮತ್ತೆ ಹಳೆಯ ಜಾಗದಲ್ಲೇ ಬಂದು ನಿಲ್ಲುತ್ತದೆ, ಪಕ್ಕದ ಪಂಪಿನ ನಡುಕಕ್ಕೆ ಬೇರಿಂಗಿನ ಅದೇ ಜಾಗ ಸವೆಯುತ್ತದೆ.

ಅಲೈನ್‌ಮೆಂಟ್, ಅಂದರೆ ಮೋಟರ್ ಮತ್ತು ಪಂಪಿನ ಶಾಫ್ಟುಗಳನ್ನು ಒಂದೇ ರೇಖೆಗೆ ತರುವುದನ್ನು, ಪಕ್ಕದಲ್ಲಿ ಕೂತು ಒಮ್ಮೆ ಪೂರ್ತಿ ನೋಡು. ಕಪ್ಲಿಂಗಿಗೆ ಡಯಲ್ (ಸೂಕ್ಷ್ಮ ಚಲನೆ ಅಳೆಯುವ ಗೇಜು) ಕಟ್ಟುವುದಕ್ಕೂ ಮೊದಲು ಸಾಫ್ಟ್ ಫುಟ್, ಅಂದರೆ ಮೋಟರಿನ ಕಾಲು ಸರಿಯಾಗಿ ಊರದಿರುವುದು, ಇದೆಯೇ ನೋಡಬೇಕು. ನಾಲ್ಕೂ ಬೋಲ್ಟ್ ಬಿಗಿದು, ಕಾಲಿನ ಮೇಲೆ ಡಯಲಿಟ್ಟು, ಒಂದೊಂದನ್ನೇ ಸಡಿಲಿಸಿ ಮತ್ತೆ ಬಿಗಿ. ಕಾಲು 0.05 ಮಿ.ಮೀ.ಗಿಂತ ಹೆಚ್ಚು ಎದ್ದರೆ ಅಲ್ಲಿ ಶಿಮ್ (ಕಾಲಿನಡಿ ಇಡುವ ತೆಳು ತಗಡು) ಬೇಕು. ತೆಳು ಶಿಮ್ಮುಗಳನ್ನು ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಬಾರದು, ಅವು ಸ್ಪ್ರಿಂಗಿನಂತಾಗುತ್ತವೆ. ಮೂರು ನಾಲ್ಕಕ್ಕಿಂತ ಹೆಚ್ಚಾಯಿತೆಂದರೆ ಒಂದು ದಪ್ಪನೆಯದನ್ನು ಹಾಕಿಸು. ಕಪ್ಲಿಂಗಿನ ರಿಮ್ಮಿನ ಮೇಲಿನ ಡಯಲ್ ತೋರಿಸುವುದು ನಿಜವಾದ ಆಫ್‌ಸೆಟ್ಟಿನ (ಎರಡು ಶಾಫ್ಟುಗಳ ಮಧ್ಯರೇಖೆಗಳ ಅಂತರ) ಎರಡರಷ್ಟು: ಮೇಲೆ 0 ಇಟ್ಟು ಕೆಳಗೆ 0.30 ಬಂದರೆ ಸರಿಪಡಿಸಬೇಕಾದದ್ದು 0.15. ಇದನ್ನು ಮರೆತವರು ಮೋಟರನ್ನು ಮೇಲೆ ಕೆಳಗೆ ಮಾಡುತ್ತಾ ಇಡೀ ದಿನ ಕಳೆಯುತ್ತಾರೆ. ತಣ್ಣಗಿದ್ದಾಗ ಸೊನ್ನೆಗೆ ತಂದದ್ದು ಬಿಸಿಯಾದಾಗ ಸೊನ್ನೆಯಾಗಿ ಉಳಿಯುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತಗೋ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಕಾಲಿನಿಂದ ಶಾಫ್ಟಿನ ಮಧ್ಯಕ್ಕೆ 0.3 ಮೀಟರ್, ಏರಿಕೆ 40 ಡಿಗ್ರಿ ಅಂದರೆ 0.14 ಮಿ.ಮೀ. ಪಂಪು ತಣ್ಣೀರಿನದಾಗಿದ್ದರೆ ಮೋಟರ್ ಒಂದೇ ಮೇಲೇಳುತ್ತದೆ, ಆದ್ದರಿಂದ ಅದನ್ನು ಅಷ್ಟು ತಗ್ಗಿಸಿಯೇ ಕೂರಿಸುತ್ತಾರೆ. ಕೊನೆಗೆ ಪೈಪ್ ಫ್ಲೇಂಜಿನ ಬೋಲ್ಟ್ ಬಿಗಿಯುವಾಗ ಡಯಲ್ ಕಪ್ಲಿಂಗಿನ ಮೇಲೇ ಇರಲಿ. ಮುಳ್ಳು 0.05 ದಾಟಿ ಸರಿದರೆ ಪೈಪು ಪಂಪನ್ನು ಎಳೆಯುತ್ತಿದೆ. ಆಗ ಮಾಡಬೇಕಾದ್ದು ಪೈಪ್ ಸಪೋರ್ಟಿನ ಕೆಲಸ, ಶಿಮ್ಮಿನದ್ದಲ್ಲ.

ಮೆಗ್ಗರ್ (ಮೋಟರ್ ಸುರುಳಿಯ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಬಗ್ಗೆ ನೀನು ಕೇಳಿದ್ದೆ. 1000 ವೋಲ್ಟ್‌ಗಿಂತ ಕೆಳಗಿನ ಮೋಟರಿಗೆ 500 ವೋಲ್ಟ್ ಡಿಸಿ ಸಾಕು. ವಿಎಫ್‌ಡಿಯ ಕೇಬಲ್ ಬಿಚ್ಚದೆ ಒತ್ತಿದರೆ ಡ್ರೈವ್ ಸುಡುತ್ತದೆ. ಸುರುಳಿ ಬಿಸಿಯಾದಂತೆ ರೀಡಿಂಗ್ ಬೀಳುತ್ತದೆ, ಸ್ಥೂಲವಾಗಿ ಪ್ರತಿ 10 ಡಿಗ್ರಿಗೆ ಅರ್ಧ. 30 ಡಿಗ್ರಿಯಲ್ಲಿ 80 ಮೆಗಾಓಮ್ ತೋರಿಸಿದ್ದು 60ರಲ್ಲಿ 10 ತೋರಿಸಿದರೆ ಮೋಟರ್ ಕೆಟ್ಟಿಲ್ಲ, ಬಿಸಿಯಾಗಿದೆ ಅಷ್ಟೆ. ಆದ್ದರಿಂದ ಅಂಕಿಯ ಪಕ್ಕದಲ್ಲಿ ಸುರುಳಿಯ ಉಷ್ಣಾಂಶ ಬರೆಯದ ಮೆಗ್ಗರ್ ರಿಪೋರ್ಟ್ ಅರ್ಧ ರಿಪೋರ್ಟು. 40 ಡಿಗ್ರಿಗೆ ಹೊಂದಿಸಿ ನೋಡಿದಾಗ ಇಂಥ ಸಣ್ಣ ಮೋಟರಿಗೆ ಐಇಇಇ 43 ಮಾನದಂಡ ಹೇಳುವ ಕನಿಷ್ಠ 5 ಮೆಗಾಓಮ್. ಟೆಸ್ಟ್ ಮುಗಿದ ಮೇಲೆ ಸುರುಳಿಯನ್ನು ಅರ್ಥ್ ಮಾಡಿ, ಟೆಸ್ಟಿಗೆ ಹಿಡಿದ ಸಮಯದ ನಾಲ್ಕರಷ್ಟಾದರೂ ಬಿಡು, ಒಳಗಿನ ಚಾರ್ಜ್ ಖಾಲಿಯಾಗಲಿ.

ಫಿಟ್ಟರುಗಳು ಮಾತಾಡಿಸುವುದಿಲ್ಲ ಅಂತ ಬೇಸರ ಮಾಡಿಕೊಂಡಿದ್ದೀಯ. ‘ಇದು ಹೇಗೆ ಕೆಲಸ ಮಾಡುತ್ತದೆ’ ಅಂತ ಕೇಳಿದರೆ ಪುಸ್ತಕ ನೋಡಿ ಅನ್ನುತ್ತಾರೆ. ‘ಈ ಬೇರಿಂಗ್ ಹೋದ ಸಲ ಯಾವಾಗ ಬಿಚ್ಚಿದಿರಿ, ಒಳಗೆ ಏನು ಕಂಡಿತು’ ಅಂತ ಕೇಳಿ ನೋಡು. ಬಿಚ್ಚಿದ ಬೇರಿಂಗನ್ನು ಕಸಕ್ಕೆ ಎಸೆಯದೆ ನಿನಗೆ ತೋರಿಸಲು ಹೇಳು. ಶಿಫ್ಟ್ ಬದಲಾಗುವಾಗ ಲಾಗ್‌ಬುಕ್ಕಿನಲ್ಲಿ ‘ಎಲ್ಲಾ ಸರಿ’ ಅಂತ ಬರೆಯುವ ರೂಢಿ ನಿನ್ನದಾಗುವುದು ಬೇಡ. ಯಾವುದು ಓಡುತ್ತಿದೆ, ಯಾವುದಕ್ಕೆ ಬೀಗ ಬಿದ್ದಿದೆ, ಕೀಲಿ ಯಾರ ಹತ್ತಿರ, ಯಾವ ಅಂಕಿ ನಿನ್ನೆಗಿಂತ ಸರಿದಿದೆ, ಈ ನಾಲ್ಕು ಸಾಲು ಇದ್ದರೆ ಮುಂದಿನವರು ನಿನಗೆ ರಾತ್ರಿ ಫೋನು ಮಾಡಬೇಕಾಗುವುದಿಲ್ಲ. ಕಿವಿಗೆ ಪ್ಲಗ್ ಹಾಕಿಕೋ. 85 ಡೆಸಿಬೆಲ್ ಮೀರಿದ ಜಾಗದಲ್ಲಿ ದಿನವಿಡೀ ನಿಂತರೆ ಕಿವಿಗೆ ಪೆಟ್ಟು ಬೀಳುತ್ತದೆ, ಗೊತ್ತಾಗುವುದು ವರ್ಷಗಳ ಮೇಲೆ.

ನಾಲ್ಕೂ ಮೋಟರುಗಳ ನೇಮ್‌ಪ್ಲೇಟಿನ ಫೋಟೋ ತೆಗೆದು ಕಳಿಸು. ಎರಡೂ ತುದಿಯ ಬೇರಿಂಗ್ ನಂಬರ್ ಕಾಣುವಂತಿರಲಿ, ಅದರ ಮೇಲೆ ಪೇಂಟ್ ಬಳಿದಿದ್ದರೆ ಒರೆಸಿ ತೆಗಿ. ಭಾನುವಾರ ಫೋನಿನಲ್ಲೇ ಕೂತು ಗ್ರೀಸಿನ ಲೆಕ್ಕ ಮುಗಿಸೋಣ. ಅಷ್ಟರೊಳಗೆ ಗನ್ನಿನ ಹತ್ತು ಹೊಡೆತ ತೂಗಿಟ್ಟಿರು.

ಇತಿ,
ನಿನ್ನ ಅಮ್ಮ