ಐಬಿಎಸ್ ಎಷ್ಟು ಜನರಿಗಿದೆ? ಕೇಳಿದ ಪ್ರಶ್ನೆ ಯಾವುದು?

ಮಾನ್ಯ ಸಂಪಾದಕರೇ,

ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಹೊಟ್ಟೆನೋವಿನ ಜೊತೆ ಮಲವಿಸರ್ಜನೆ ಏರುಪೇರಾಗುವ ಕರುಳಿನ ತೊಂದರೆಯಾದ ಐಬಿಎಸ್ ಕುರಿತು ಆರೋಗ್ಯ ಪುಟಗಳಲ್ಲಿ ಲೇಖನ ಬಂದಾಗಲೆಲ್ಲ ‘ಹತ್ತರಲ್ಲಿ ಒಬ್ಬರಿಗೆ ಈ ತೊಂದರೆಯಿದೆ’ ಎಂಬ ಸಾಲು ಇದ್ದೇ ಇರುತ್ತದೆ. ಅದು ಸುಳ್ಳಲ್ಲ. ಆದರೆ ಯಾವ ಮಾನದಂಡ ಹಿಡಿದು ಎಣಿಸಿದ್ದು ಎಂದು ಹೇಳದಿದ್ದರೆ ಆ ಸಾಲಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ.

ಐಬಿಎಸ್ ಇದೆ ಎಂದು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಕೊಲೊನೊಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಕರುಳಿನ ಒಳಗೋಡೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಸಮೀಕ್ಷೆಯ ಲೆಕ್ಕವೆಲ್ಲ ಪ್ರಶ್ನಾವಳಿಯ ಮೇಲೆಯೇ ನಿಂತಿದೆ. ಇಂಥ ತೊಂದರೆಗಳನ್ನು ಗುರುತಿಸಲು ತಜ್ಞರ ಸಂಸ್ಥೆಯಾದ ರೋಮ್ ಫೌಂಡೇಶನ್ ರೂಪಿಸಿದ ಮಾನದಂಡಗಳಲ್ಲಿ ಒಂದಾದ 2006ರ ರೋಮ್–3ರ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ತಿಂಗಳಿಗೆ ಕನಿಷ್ಠ ಮೂರು ದಿನ ಹೊಟ್ಟೆನೋವು ‘ಅಥವಾ ಕಸಿವಿಸಿ’ ಇರಬೇಕಿತ್ತು, ಮಲವಿಸರ್ಜನೆಗೆ ಸಂಬಂಧಿಸಿದ ಕೆಲವು ಷರತ್ತುಗಳೂ ಇದ್ದವು. 2016ರ ರೋಮ್–4 ಬಂದಾಗ ಕಸಿವಿಸಿಯನ್ನು ಕೈಬಿಟ್ಟರು. ನೋವೇ ಇರಬೇಕು, ಅದೂ ಸರಾಸರಿ ವಾರಕ್ಕೊಂದು ದಿನವಾದರೂ. ಜೊತೆಗೆ ಆ ನೋವಿಗೂ ಮಲವಿಸರ್ಜನೆಗೂ ನಂಟಿರಬೇಕು, ಅಥವಾ ಮಲವಿಸರ್ಜನೆ ಎಷ್ಟು ಸಲ ಆಗುತ್ತದೆ ಎಂಬುದು ಬದಲಾಗಿರಬೇಕು, ಅಥವಾ ಮಲ ಗಟ್ಟಿಯೋ ತೆಳ್ಳಗೋ ಆಗಿರಬೇಕು. ಈ ಮೂರರಲ್ಲಿ ಎರಡಾದರೂ ಹೊಂದಬೇಕು. ತೊಂದರೆ ಶುರುವಾಗಿ ಆರು ತಿಂಗಳಾದರೂ ಕಳೆದಿರಬೇಕು.

ಇಷ್ಟು ಬದಲಾವಣೆಗೆ ಲೆಕ್ಕ ಎಷ್ಟು ಅಲುಗಿತು ನೋಡಿ. ರೋಮ್ ಫೌಂಡೇಶನ್ 33 ದೇಶಗಳ 73 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಸಮೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿತು. ಇಂಟರ್ನೆಟ್ ಮೂಲಕ ಉತ್ತರಿಸಿದವರಲ್ಲಿ ರೋಮ್–3ರ ಪ್ರಕಾರ ಶೇ 10ರಷ್ಟು ಮಂದಿಗೆ ಐಬಿಎಸ್ ಇತ್ತು. ರೋಮ್–4ರ ಪ್ರಕಾರ ಶೇ 4ರಷ್ಟು ಮಂದಿಗೆ ಮಾತ್ರ. ಯಾರ ಕರುಳೂ ಗುಣವಾಗಿರಲಿಲ್ಲ, ಗೆರೆ ಮೇಲೆ ಹೋಗಿತ್ತು ಅಷ್ಟೆ. ಮನೆಮನೆಗೆ ಹೋಗಿ ಎದುರು ಕೂತು ಕೇಳಿದ ದೇಶಗಳಲ್ಲಂತೂ ರೋಮ್–4ರ ಅಂಕಿ ಶೇ 1.5ಕ್ಕೆ ಇಳಿಯಿತು. ಅಪರಿಚಿತರ ಮುಂದೆ ಮಲದ ವಿಷಯ ಬಾಯಿಬಿಡಲು ಸಂಕೋಚಪಡುವುದು ಇದಕ್ಕೆ ಒಂದು ಕಾರಣವಿರಬಹುದು. ಆದ್ದರಿಂದ ಒಂದು ದೇಶದ ಇಂಟರ್ನೆಟ್ ಸಮೀಕ್ಷೆಯನ್ನು ಇನ್ನೊಂದು ದೇಶದ ಮನೆಭೇಟಿ ಸಮೀಕ್ಷೆಯ ಪಕ್ಕದಲ್ಲಿಟ್ಟು ‘ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ’ ಎನ್ನುವುದು ತಪ್ಪು. ಬಹುತೇಕ ಅಧ್ಯಯನಗಳಲ್ಲಿ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು ಕಂಡಿರುವುದು ಮಾತ್ರ ನಿಜ.

ಲೆಕ್ಕದಿಂದ ಹೊರಬಿದ್ದ ಆ ಶೇ 6ರಷ್ಟು ಜನರ ಬಗ್ಗೆ ನಮಗೆ ಹೆಚ್ಚು ಕಾಳಜಿ. ತಿಂಗಳಿಗೆ ಮೂರು ದಿನ ಹೊಟ್ಟೆ ಹಿಂಡಿದಂತಾಗಿ ಕೆಲಸ ಬಿಟ್ಟು ಶೌಚಾಲಯಕ್ಕೆ ಓಡುವವರು ರೋಮ್–4ರ ಗೆರೆ ದಾಟದೇ ಇರಬಹುದು. ಹಾಗೆಂದು ಅವರಿಗೆ ‘ನಿಮಗೇನೂ ಇಲ್ಲ’ ಎನ್ನುವುದು ಅನ್ಯಾಯ. ಈ ಬಿಗಿ ಮಾನದಂಡ ಮುಖ್ಯವಾಗಿ ಸಂಶೋಧನೆಗೆಂದು ಮಾಡಿದ್ದು. ಚಿಕಿತ್ಸೆಯಲ್ಲಿ ವೈದ್ಯರು ಅಷ್ಟು ಬಿಗಿಯಾಗಿ ನಡೆಯಬೇಕಿಲ್ಲ.

ಸಮೀಕ್ಷೆಗೆ ಇನ್ನೊಂದು ಮಿತಿಯಿದೆ. ಉತ್ತರದ ಹಿಂದೆ ಬೇರೆ ಕಾಯಿಲೆ ಅಡಗಿದೆಯೇ ಎಂದು ಅದು ನೋಡಲಾರದು. ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವುದು), ಕರುಳಿನ ಉರಿಯೂತ, ಪಿತ್ತರಸದ ಆಮ್ಲದಿಂದಾಗುವ ಭೇದಿ, ಇವೆಲ್ಲವೂ ಪ್ರಶ್ನಾವಳಿಯಲ್ಲಿ ಐಬಿಎಸ್‌ನಂತೆಯೇ ಕಾಣಬಲ್ಲವು. ‘ಎಲ್ಲರಿಗೂ ಇರುವಂಥದ್ದೇ’ ಎಂದು ಓದಿ ಸುಮ್ಮನಿರುವವರಿಗೆ ಇಲ್ಲಿಯೇ ಅಪಾಯ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದುದು: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಇವ್ಯಾವುದೂ ಇಲ್ಲದೆ ಭೇದಿಯೇ ಹೆಚ್ಚಾಗಿದ್ದರೆ ರಕ್ತಕಣಗಳ ಎಣಿಕೆ, ಉರಿಯೂತ ತಿಳಿಸುವ ಸಿಆರ್‌ಪಿ ರಕ್ತಪರೀಕ್ಷೆ, ಸೀಲಿಯಾಕ್ ರಕ್ತಪರೀಕ್ಷೆ ಮತ್ತು ಕರುಳಿನ ಉರಿಯೂತ ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಸಾಮಾನ್ಯವಾಗಿ ಸಾಕಾಗುತ್ತವೆ. ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯವಿಲ್ಲ.

ಐಬಿಎಸ್ ಅಂಕಿಯನ್ನು ಇನ್ನು ಮುಂದೆ ಅಚ್ಚುಹಾಕುವಾಗ ಅದು ರೋಮ್–3ರದೋ ರೋಮ್–4ರದೋ, ಜನರನ್ನು ಕೇಳಿದ್ದು ಹೇಗೆ ಎಂಬುದನ್ನೂ, ಮೇಲಿನ ಅಪಾಯದ ಲಕ್ಷಣಗಳನ್ನೂ ಅದೇ ಲೇಖನದಲ್ಲಿ ಸೇರಿಸಬೇಕೆಂದು ಕೋರುತ್ತೇವೆ.

ಜೀರ್ಣಾಂಗ ರೋಗಗಳ ವೈದ್ಯರು