ಉಪಕಾರಕ್ಕೆ ಬದಲೇನು ಮಾಡಲಿ?

ಪ್ರೀತಿಯ ಮಗನೇ,

ಕರ್ತನ ನಾಮದಲ್ಲಿ ನಿನ್ನ ದೊಡ್ಡಮ್ಮನ ವಂದನೆಗಳು.

ನಿನ್ನ ಪತ್ರ ಬಂತು. ಈ ಮಳೆಗಾಲ ಅಡಿಕೆ ತೋಟಕ್ಕೆ ಕೊಳೆರೋಗ ತಗುಲಲಿಲ್ಲ, ಮಗುವಿನ ಜ್ವರ ವಾಸಿಯಾಯಿತು, ಸೊಸೈಟಿ ಸಾಲವೂ ತೀರಿತು ಅಂತ ಓದಿ ಕಣ್ಣು ತುಂಬಿ ಬಂತು. ದೇವರಿಗೆ ಸ್ತೋತ್ರ. ಕೊನೆಗೆ ಕೇಳಿದ್ದೀಯಲ್ಲ, ‘ಇಷ್ಟೆಲ್ಲ ಮಾಡಿದ ದೇವರಿಗೆ ನಾನೇನು ಕೊಡಲಿ? ದೇವಾಲಯಕ್ಕೆ ಏನಾದರೂ ದೊಡ್ಡದು ಮಾಡಿಸಿಕೊಡಲಾ?’ ಅಂತ. ಅದಕ್ಕೇ ಈ ಪತ್ರ.

ಸತ್ಯವೇದದಲ್ಲಿ 116ನೇ ಕೀರ್ತನೆ ತೆಗೆ. ಸಾವಿನ ಬಾಯಿಂದ ಪಾರಾಗಿ ಬಂದವನ ಹಾಡು ಅದು. ದೇವರ ಉಪಕಾರಗಳಿಗೆ ಬದಲೇನು ಮಾಡಲಿ ಅಂತ 12ನೇ ವಚನದಲ್ಲಿ ಅವನೂ ಕೇಳುತ್ತಾನೆ. ಮುಂದಿನ ವಚನ ಓದು. ಅಲ್ಲಿ ಅವನು ಏನನ್ನೂ ಕೊಡುವುದಿಲ್ಲ! ರಕ್ಷಣೆಯ ಪಾತ್ರೆಯನ್ನು ಕೈಗೆತ್ತಿಕೊಂಡು ದೇವರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ ಅನ್ನುತ್ತಾನೆ. ಪಡೆದವನು ಮತ್ತೆ ಪಡೆಯಲಿಕ್ಕೇ ಕೈ ಚಾಚುತ್ತಾನೆ. ದೇವರ ಉಪಕಾರ ಸೊಸೈಟಿ ಸಾಲದ ಹಾಗಲ್ಲ ಮಗನೇ, ಕಟ್ಟಿ ರಸೀದಿ ತಗೊಂಡು ಬರಲಿಕ್ಕೆ. ಅದು ತೀರುವಂಥದ್ದಲ್ಲ, ತೀರಿಸು ಅಂತ ಆತ ಕೇಳುವುದೂ ಇಲ್ಲ.

ಹಾಗಾಗಿ ಮೊದಲು ಪ್ರಾರ್ಥನೆ. ಮಗು ಮಲಗಿದ್ದಾಗ ಮನೆಮಂದಿಯೆಲ್ಲ ಸಂಜೆ ಮಂಡಿಯೂರುತ್ತಿದ್ದಿರಿ. ಈಗಲೂ ಊರುತ್ತೀರಾ? ಲೂಕನ ಸುವಾರ್ತೆ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು. ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿಗೆ ರೋಗ ಮತ್ತೆ ಬಂತು ಅಂತ ಎಲ್ಲೂ ಬರೆದಿಲ್ಲ, ಗಮನಿಸು. ಸ್ತೋತ್ರ ಹೇಳದಿದ್ದರೆ ದೇವರು ಕೊಟ್ಟದ್ದನ್ನು ಕಿತ್ತುಕೊಳ್ಳುತ್ತಾನೆ ಅಂತ ಹೆದರಿ ಪ್ರಾರ್ಥಿಸಬೇಡ. ಆ ಸಮಾರ್ಯದವನು ಹೆದರಿ ಬರಲಿಲ್ಲ. ಸಂತೋಷ ತಡೆಯಲಾರದೆ ಗಟ್ಟಿಯಾಗಿ ದೇವರನ್ನು ಕೊಂಡಾಡುತ್ತಾ ಬಂದ.

ಸಂತೋಷದ ವಿಷಯಕ್ಕೆ ಒಂದು ಮಾತು. ನಮ್ಮ ಮಲೆನಾಡಲ್ಲಿ ಜನರ ಮುಖ ಅಡಿಕೆ ರೇಟಿನ ಜೊತೆ ಏರುತ್ತೆ, ಇಳಿಯುತ್ತೆ. ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕಿ ರೋಗಕ್ಕೆ ಎಷ್ಟು ತೋಟ ಸೊರಗಿದವು, ನೀನೇ ನೋಡಿದ್ದೀಯ. ನಾಳೆ ನಿನ್ನ ತೋಟಕ್ಕೂ ಬರಬಹುದು. ಪ್ರವಾದಿ ಹಬಕ್ಕೂಕನು ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಕೊಟ್ಟಿಗೆಯಲ್ಲಿ ದನಗಳೇ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆ ಅಂದ. ನಷ್ಟ ನಷ್ಟವೇ ಅಲ್ಲ ಅಂತ ಅವನು ಹೇಳಲಿಲ್ಲ. ಬರಿದಾದ ಕೊಟ್ಟಿಗೆಯನ್ನು ಹೆಸರಿಟ್ಟು ಹೇಳಿ, ಆಮೇಲೆ ಹಾಡಿದ. ಈ ವರ್ಷ ಫಸಲು ಚೆನ್ನಾಗಿರುವಾಗಲೇ ಆ ಹಾಡು ಕಲಿತುಕೋ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ತೋಟ ಉಳಿದದ್ದು ದೇವರ ಕೃಪೆ ಅಂತ ನೀನು ಬರೆದೆ. ಮಳೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಸಿದ್ದಕ್ಕೆ ಉಳಿಯಿತು ಅಂತ ನೆರೆಯವರು ಹೇಳುತ್ತಾರೆ. ಎರಡೂ ನಿಜ, ಅಲ್ವಾ? ಮೈಲುತುತ್ತ, ಸುಣ್ಣ ಹದವಾಗಿ ಕಲಸುವ ಬುದ್ಧಿ ಕೊಟ್ಟವನೂ ಆತನೇ. ಜಾರುವ ಮರ ಹತ್ತಿ ಒಂದೊಂದು ಅಡಿಕೆ ಗೊನೆಗೂ ಔಷಧಿ ಹೊಡೆದ ಕೊನೆಗಾರನಿಗೆ ಬಲ ಕೊಟ್ಟವನೂ ಆತನೇ. ದೇವರ ಒಳ್ಳೆಯತನ ನಿನ್ನ ಮನೆಗೆ ಆ ಕೈಗಳ ಮೂಲಕ ಬಂತು. ಅದು ಬಂದ ದಾರಿಯಲ್ಲೇ ನಿನ್ನ ಕೃತಜ್ಞತೆಯೂ ವಾಪಸ್ ಹೋಗಬೇಕು.

ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು ಅಂತ ಯಾಜಕಕಾಂಡ 19ರಲ್ಲಿದೆ. ಅವನು ಬಡವ, ಆ ದುಡ್ಡನ್ನೇ ನಂಬಿಕೊಂಡಿದ್ದಾನೆ, ಹೊತ್ತು ಮುಳುಗುವ ಮೊದಲೇ ಕೊಡು ಅಂತ ಧರ್ಮೋಪದೇಶಕಾಂಡ 24 ಇನ್ನೂ ಬಿಡಿಸಿ ಹೇಳುತ್ತೆ. ಕೊಯ್ಲಿನವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅಂತ ಯಾಕೋಬ ತನ್ನ ಪತ್ರದಲ್ಲಿ ಬರೆದ. ನಮ್ಮಲ್ಲಿ ಏನು ನಡೆಯುತ್ತೆ? ‘ಅಡಿಕೆ ಮಂಡಿಗೆ ಹೋಗಲಿ, ದುಡ್ಡು ಬರಲಿ, ಆಮೇಲೆ ನೋಡೋಣ’ ಅನ್ನುತ್ತೇವೆ. ರಾತ್ರಿ ಎಷ್ಟೊತ್ತಿನವರೆಗೂ ಕೂತು ಸುಲಿಯುವ ಹೆಂಗಸರಿಗೆ ರೇಷನ್ ತರಲು ನಾಳೆಯೇ ದುಡ್ಡು ಬೇಕು. ಅವರನ್ನು ಕಾಯಿಸಿ ಭಾನುವಾರ ಕಾಣಿಕೆ ತಟ್ಟೆಗೆ ದೊಡ್ಡ ನೋಟು ಹಾಕಿದರೆ ದೇವರು ಯಾವುದನ್ನು ನೋಡುತ್ತಾನೆ? ದೇವಾಲಯಕ್ಕೆ ಕೊಡು, ಸಂತೋಷವಾಗಿ ಕೊಡು. ಆದರೆ ಮೊದಲು ಇವರ ಲೆಕ್ಕ.

ಹರಕೆಯನ್ನು ದೇವರ ಜನರೆಲ್ಲರ ಮುಂದೆ ತೀರಿಸುತ್ತೇನೆ ಅಂತ ಅದೇ ಕೀರ್ತನೆಗಾರ 14ನೇ ವಚನದಲ್ಲಿ ಹೇಳುತ್ತಾನೆ. ನಿನ್ನ ಜನ ಅಂದರೆ ಸಭೆಯವರು ಮಾತ್ರ ಅಲ್ಲ. ತೋಟಕ್ಕೆ ಬರುವವರಲ್ಲಿ ಹೆಚ್ಚಿನವರು ಸತ್ಯವೇದ ಓದಿದವರಲ್ಲ. ನೀನು ತೂಕ ಹೇಗೆ ಮಾಡುತ್ತೀಯ, ಯಾರನ್ನು ಏಕವಚನದಲ್ಲಿ ಕರೆಯುತ್ತೀಯ, ಮರದಿಂದ ಬಿದ್ದವನ ಮನೆಗೆ ಹೋಗುತ್ತೀಯಾ ಇಲ್ಲವಾ, ಅದನ್ನು ಓದುತ್ತಾರೆ.

ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಕೂತು ಹಳೇ ಲೆಕ್ಕ ನೋಡು. ಹೋದ ವರ್ಷದ ಬಾಕಿ ಯಾರಿಗಾದರೂ ಇದ್ದರೆ ಈ ವಾರವೇ ಅವರ ಮನೆಗೆ ಹೋಗಿ ಕೊಟ್ಟು ಬಾ, ಮಗುವನ್ನೂ ಕರೆದುಕೊಂಡು ಹೋಗು.

ಸೊಸೆಗೂ ಮಗುವಿಗೂ ನನ್ನ ಮುತ್ತು. ಕರ್ತನು ನಿಮ್ಮನ್ನು ಕಾಯಲಿ.

ನಿನ್ನ
ದೊಡ್ಡಮ್ಮ